ಖರೇ ಹೇಳುವ ಡಬ್ಬಿಗಳು

"ನಿನಗ ಯಾರೋ ಟೋಪಿ ಹಾಕ್ಯಾರ ನೋಡು ಹಫೀಜ್ ಭಾಯ್," ಎಂದ ಕನಕರಾಜ, ಕರಿ ಸ್ಪೀಕರ್ ಡಬ್ಬಿಗೆ ಕಿವಿ ಹಚ್ಚಿ. "ಇದರಾಗ ಧಮ್ಮೇ ಇಲ್ಲ. ನನ್ನ ಡಿಜೆ ಹಚ್ಚಿದ್ರ ಎದಿ ನಡುಗ್ತದ. ಇದು ಜಡ್ಡಾದ ಮನಶಾ ನರಳಿದಂಗ ಅದಲ್ಲೋ!"

ಕನಕರಾಜ ಮೂಲೆಯ ಟೆಂಟ್ ಹೌಸಿನವನು. ಸೌಂಡಿನ ವಿಷಯದಲ್ಲಿ ಓಣಿಗೆಲ್ಲ ಅವನದೇ ಹೈಕೋರ್ಟು.

ರಾಯಚೂರಿನ ಈರುಳ್ಳಿ, ತರಕಾರಿ ತಳ್ಳುಗಾಡಿಗಳಿಗೆ 'ಉಳ್ಳಾಗಡ್ಡಿ ಬಂತ್ರೀ' ಎಂಬಂಥ ಕೂಗುಗಳನ್ನು ರೆಕಾರ್ಡ್ ಮಾಡಿಕೊಡುವುದು ಹಫೀಜ್‌ನ ಕಸುಬು. ಇಷ್ಟು ದಿನ ಮನೆಯಲ್ಲೇ, ಮೊಬೈಲಿನಲ್ಲೇ ನಡೆದಿತ್ತು. ಈಗ ಪೋತ್ನಾಳದ ರೈಸ್ ಮಿಲ್ ಸಾವ್ಕಾರ ಗಡಿಗೆಪ್ಪ ಸೀರೆ ಅಂಗಡಿ ತೆಗೆಯುವವನಿದ್ದ. ಪ್ರಚಾರದ ಆಟೋಕ್ಕೆ ಆವಾಜು ಆರಿಸಲು ಇವತ್ತು ನಾಲ್ಕಕ್ಕೆ ತಾನೇ ಬರುತ್ತೇನೆಂದಿದ್ದ. ಒಪ್ಪಿದರೆ ಮಾನ್ವಿ, ದೇವದುರ್ಗದ ಅವನ ಅಂಗಡಿಗಳ ಪ್ರಚಾರವೂ ವರ್ಷಪೂರ್ತಿ ಹಫೀಜ್‌ಗೇ. ಅದಕ್ಕೆಂದೇ ಮಾನ್ವಿಯ ಪರ್ವೇಜ್‌ನಿಂದ ಒಂದು ಜೊತೆ ಹಳೆಯ ಸ್ಟುಡಿಯೋ ಮಾನಿಟರ್ ಸ್ಪೀಕರ್ ತಂದಿದ್ದ. ಮದುವೆ ಮನೆಯ ಸ್ಪೀಕರಿನಂತೆ ಇವು ದನಿಗೆ ಬಣ್ಣ ಹಚ್ಚುವುದಿಲ್ಲ, ಇದ್ದದ್ದನ್ನು ಇದ್ದಂತೆ ಕೇಳಿಸುತ್ತವೆ ಎಂದು ಪರ್ವೇಜ್ ಹೇಳಿದ್ದ.

"ಮತ್ತೊಮ್ಮಿ ಹಚ್ಚು," ಎಂದ ಕನಕರಾಜ.

ಹಫೀಜ್ ತನ್ನ ಹೆಸರುವಾಸಿ ಉಳ್ಳಾಗಡ್ಡಿ ಕೂಗನ್ನು ಹಚ್ಚಿದ. ನಡುನಡುವೆ ಟಕ್... ಟಕ್...

"ಕೇಳಿದಿ? ಒಳಗಿನ ಪರದಾ ಹರದದ!"

ಪಕ್ಕದ ಮನೆಯ ಅಮೀರ್ ಬೀ ಆಗಲೇ ಹೊಸ್ತಿಲ ಮೇಲಿದ್ದಳು. "ಮೊಬೈಲಿನಾಗ ಈ ಟಕಟಕ ಇರಲಿಲ್ಲ ಬೇಟಾ. ಮಾನ್ವಿಯವರನ್ನ ನಂಬಬ್ಯಾಡಂತ ನಿಮ್ಮ ಅಬ್ಬಾಗೂ ಹೇಳಿದ್ದೆ."

"ಖಾಲಾ, ನಿಮ್ಮ ತವರುಮನಿ ಮಾನ್ವಿ ಅಲ್ಲೇನು?"

"ಅದಕ್ಕ ಹೇಳಾಕತ್ತೀನಿ!"

ಹಫೀಜ್ ಪರ್ವೇಜ್‌ಗೆ ಫೋನು ಹಚ್ಚಿದ. "ಖುದಾ ಕಸಮ್, ಆ ಡಬ್ಬಿ ಸುಳ್ಳು ಹೇಳೂದಿಲ್ಲ," ಎಂದ ಪರ್ವೇಜ್.

"ಮಾರೋರೆಲ್ಲ ಹಿಂಗ ಅಂತಾರ," ಎನ್ನುತ್ತ ಕನಕರಾಜ ಸ್ಕ್ರೂಡ್ರೈವರ್ ತೆಗೆದ. ಡಬ್ಬಿ ಬಿಚ್ಚಿದರೆ ಒಳಗೆ ಸಿಕ್ಕಿದ್ದು ಸತ್ತ ಜಿರಳೆ ಒಂದೇ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಜೋಡಿಸಿದರು. ಮತ್ತೆ ಟಕ್!

"ಎರಡೂ ಖೊಟ್ಟಿ!"

"ಸುಮ್ಕಿರ್ರಿ ಎಲ್ಲಾರೂ," ಎಂದಳು ಹಫೀಜ್‌ನ ಹೆಂಡತಿ ನಿಗಾರ್. "ಇವರ ಆವಾಜಿನ ಹಿಂದ ಯಾರೋ ಮಾತಾಡಾಕತ್ತಾರ."

ಅವಳು ಸೌಂಡು ಏರಿಸಿದಳು. ಹಫೀಜ್ ಉಳ್ಳಾಗಡ್ಡಿ ಎಂದು ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ, ಗೋಡೆಯಾಚೆ ಅಡಕೊತ್ತಿನಿಂದ ಟಕ್ ಟಕ್ ಎಂದು ಅಡಿಕೆ ಕತ್ತರಿಸುವ ಸದ್ದು. ಅದರ ಜೊತೆಗೆ ಅಮೀರ್ ಬೀಯ ಗಂಟಲು, ನಿಚ್ಚಳವಾಗಿ: "ಆ ಗಾಡಿ ಉಳ್ಳಾಗಡ್ಡಿ ತೊಗೋಬ್ಯಾಡ ಸುನಂದಾ! ಮ್ಯಾಲ ಚೊಲೋವು, ತಳಕ್ಕ ಎಲ್ಲಾ ಕೊಳತಾವು!"

ಗಾಡಿಯವನು ಆರು ತಿಂಗಳಿಂದ ಇದನ್ನೇ ಊರೆಲ್ಲ ಕೂಗಿಸಿಕೊಂಡು ತಿರುಗುತ್ತಿದ್ದ. ಅವನ ಗಾಡಿಯ ಭೋಂಗಾ ಸ್ಪೀಕರಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಅಷ್ಟೇ.

ಕನಕರಾಜ ಹೊಟ್ಟೆ ಹಿಡಿದು ನಕ್ಕ. ಅಮೀರ್ ಬೀ ನಗಲಿಲ್ಲ. "ನನ್ನ ಮಾತು ಕದ್ದು ತುಂಬಿಟ್ಟೀಯೇನು? ಇನ್ನೂ ಏನೇನು ಅವ ನಿನ್ನ ಹತ್ರ?"

ಗದ್ದಲ ಕೇಳಿ ಎದುರು ಮನೆಯ ಸುನಂದಾ ಓಡಿ ಬಂದಳು. "ನಂದೂ ಅದ ಏನು? ನಮ್ಮತ್ತಿ ಬಗ್ಗೆ ಆಡಿದ್ದು?"

ಕನಕರಾಜನ ನಗು ನಿಂತಿತು. "ಲೇ, ನಾ ನಿಮ್ಮ ಕಿಡಕಿ ಕೆಳಗ ನಿಂತು ಫೋನಿನಾಗ ಮಾತಾಡಿದ್ದು...?"

"ಅಲ್ಲಾನ ಆಣಿ, ನಾ ಮೈಕ್ ಹಿಡಿದಿದ್ದು ನನ್ನ ಬಾಯಿ ಮುಂದ!"

ಯಾರೂ ನಂಬಲಿಲ್ಲ. ಇದ್ದಬದ್ದ ಕೂಗುಗಳನ್ನೆಲ್ಲ ಒಂದೊಂದಾಗಿ ಹಚ್ಚಿಸಿ ತಪಾಸಣೆಗೆ ಕುಳಿತರು. ಸೀರೆಯ ಕೂಗು ರೆಕಾರ್ಡ್ ಆಗುವ ಮೊದಲೇ ನಾಲ್ಕಾಯಿತು. ಬಾಗಿಲಲ್ಲಿ ಗಡಿಗೆಪ್ಪ ನಿಂತಿದ್ದ. ಹಫೀಜ್ ಗಾಬರಿಯಲ್ಲಿ ನಿಲ್ಲಿಸಲು ಹೋಗಿ ಉಳ್ಳಾಗಡ್ಡಿಯನ್ನೇ ಮತ್ತೆ ಹಚ್ಚಿಬಿಟ್ಟ.

ಗಡಿಗೆಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ. "ಹಿಂದಿನ ಆವಾಜು ಯಾರದು?"

"ತಪ್ಪಾತ್ರಿ ಸಾವ್ಕಾರ್ರ, ಈ ಖಾಲಾಂದು. ಅದನ್ನ ತೆಗೀತೀನಿ."

"ನಿಂದು ತೆಗಿ. ಅದನ್ನ ಇಡು."

"ಅಂದ್ರ...?"

"ನಿನ್ನ ಆವಾಜ್ ಕೇಳಿದ್ರ ಮಂದಿ ಚೀಲಾ ಹಿಡಕೊಂಡು ಉಳ್ಳಾಗಡ್ಡಿಗೆ ಬರ್ತಾರ, ಸೀರಿಗಲ್ಲ. ಈ ಯವ್ವ ಹೇಳಿದ್ರ ಹೆಣ್ಮಕ್ಕಳು ನಿಂತು ಕೇಳ್ತಾರ, ನಂಬ್ತಾರ. ವರ್ಷಪೂರ್ತಿ ಇವರೇ ಹೇಳಲಿ. ಏನಂತೀರಿ ಯವ್ವಾ?"

ಅಮೀರ್ ಬೀ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಕುಳಿತಳು. ಹಫೀಜ್‌ನನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದಳು.

"ಮೊದಲ ಇವನ್ನ ಹೊರಗ ಕಳಸ್ರಿ. ನಾ ಮಾತಾಡೋವಾಗ ಹಿಂದಿಂದ ಏನರ ಅಂದ್ರ?"

ನಿಗಾರ್ ಒಳಗಿನಿಂದ ಚಿಲಕ ಹಾಕಿದಳು. ಹಫೀಜ್ ಮೆಟ್ಟಿಲ ಮೇಲೆ ಕುಳಿತ. ಒಳಗೆ ಯಾರೋ, ಮೈಕಿಗೆ ಸದ್ದು ಬೀಳದಂತೆ, ಫ್ಯಾನನ್ನೂ ಆರಿಸಿದರು.