ಹಲ್ಲಿನ ಡಾಕ್ಟ್ರಿಗೂ ಹಾಜರಿ ಪುಸ್ತಕ

ಬೇರೆಯವರ ಬಾಯಿ ತೆರೆಸೋ ಕಸುಬು ನಮ್ಮದು, ನಗೋ ಪ್ರಸಂಗಗಳಿಗೆ ಬರವೇ ಇಲ್ಲ. ಆದರೆ ರೋಗಿಗಳಿಂದ ಆದದ್ದಕ್ಕಿಂತ, ನಾವು ಡಾಕ್ಟ್ರುಗಳೇ ಪಾಠ ಕಲಿಯೋಕೆ ಹೋಗಿ ಮಾಡಿಕೊಂಡ ಫಜೀತಿಗಳೇ ಹೆಚ್ಚು. ಈಗ ಹಲ್ಲಿನ ಡಾಕ್ಟ್ರು ಉಪನ್ಯಾಸಗಳಿಗೆ ಹೋಗಿ ಪಾಯಿಂಟು ಕೂಡಿಸಬೇಕಂತೆ, ಇಲ್ಲದಿದ್ರೆ ರಿಜಿಸ್ಟ್ರೇಷನ್ ರಿನ್ಯೂ ಆಗಲ್ಲವಂತೆ. ಮೊನ್ನೆ ಒಬ್ಬ ಹುಡುಗ ಡಾಕ್ಟ್ರು ನನ್ನ ಮುಂದೆ ಕೂತು ಅದನ್ನೇ ಗೊಣಗಿದ. ನನಗೆ ನಗು ಬಂತು. ಎಪ್ಪತ್ತರ ದಶಕದಲ್ಲಿ ನಮಗೆ ಅಂಥ ಕಾನೂನೇನೂ ಇರಲಿಲ್ಲ. ಕಾನೂನಿಗಿಂತ ಜೋರಾದ ಒಬ್ಬ ಮನುಷ್ಯ ಇದ್ದರು.

ದೊಡ್ಡ ಡಾಕ್ಟ್ರ ಕಾಯಿದೆ

ರಾಜಾಜಿನಗರದಲ್ಲಿ ಅವರ ಮನೆ, ಮುಂದಿನ ಕೋಣೇಲೇ ಕ್ಲಿನಿಕ್ಕು. ನಾವೆಲ್ಲ ದೊಡ್ಡ ಡಾಕ್ಟ್ರು ಅಂತಿದ್ವಿ. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಿರಿಯರೊಬ್ಬರ ಕೈಕೆಳಗೆ ದುಡಿದು ಕೆಲಸ ಕಲಿತು, ಅನುಭವದ ಮೇಲೆ ರಿಜಿಸ್ಟರ್ ಆದವರು. ಆಗತಾನೇ ಕಾಲೇಜು ಮುಗಿಸಿ ಸುತ್ತಮುತ್ತ ಬೋರ್ಡು ಹಾಕಿದ್ದ ನಮ್ಮಂಥ ಏಳು ಜನರನ್ನ ಹಿಡಿದು, ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅವರ ಮನೇಲಿ ಪಾಠ ಶುರುಮಾಡಿದ್ರು. ಸರದಿ ಪ್ರಕಾರ ಒಬ್ಬೊಬ್ಬರು ಹೊಸದೇನಾದ್ರೂ ಓದಿಕೊಂಡು ಬಂದು ಹೇಳಬೇಕು. "ಓದೋಕೆ ಸಿಗದೇ ಇದ್ದವನಿಗೇ ಕಣಯ್ಯ ಓದಿನ ಬೆಲೆ ಗೊತ್ತಿರೋದು," ಅನ್ನೋರು.

ಕಾಯಿದೆ ಎರಡು. ಒಂದು, ನಮ್ಮಲ್ಲಿ ಯಾರಿಗೇ ಹಲ್ಲುನೋವು ಬಂದರೂ ಮುಚ್ಚಿಡಬಾರದು. ಆ ಹಲ್ಲೇ ಆ ತಿಂಗಳ ಪಾಠ, ಚಿಕಿತ್ಸೆ ಎಲ್ಲರೆದುರಿಗೇ. ಎರಡನೇದು ಹಾಜರಿ ಪುಸ್ತಕ. ವರ್ಷದಲ್ಲಿ ಮೂರು ಪಾಠ ತಪ್ಪಿಸಿದರೆ ದೊಡ್ಡ ಡಾಕ್ಟ್ರು ನಮ್ಮ ಕ್ಲಿನಿಕ್ಕಿಗೇ ಬಂದು, ಕಾಯ್ತಾ ಕೂತಿರೋ ರೋಗಿಗಳಿಗೆ ಅದನ್ನ ಹೇಳಿಹೋಗ್ತಾರೆ.

ಬರೀ ಬೆದರಿಕೆ ಅಂದ್ಕೊಂಡಿದ್ವಿ. ಬಸವೇಶ್ವರನಗರದ ಗೆಳೆಯನೊಬ್ಬ ಮೂರು ಸಲ ಚಕ್ಕರ್ ಹೊಡೆದ. ದೊಡ್ಡ ಡಾಕ್ಟ್ರು ಹೋಗಿ ಹೇಳಿಯೇಬಿಟ್ಟರು. ಅಲ್ಲಿ ಕೆನ್ನೆ ಹಿಡ್ಕೊಂಡು ಕೂತಿದ್ದ ಸ್ಕೂಲು ಮೇಷ್ಟ್ರೊಬ್ಬರು ತಟ್ಟನೆ ಎದ್ದು, "ಹಾಗಾದ್ರೆ ಇವರು ಪಾಸಾದಮೇಲೇ ಬರ್ತೀನಿ," ಅಂತ ಹೊರಟೇಹೋದರಂತೆ.

ಮೇಲಕ್ಕೆ ಹತ್ತಿದ ನಾಲಿಗೆ

ಅದನ್ನ ಕೇಳಿ ನನಗೆ ನನ್ನದೇ ಚಿಂತೆ ಹತ್ತಿತು. ವಿಜಯನಗರದಲ್ಲಿ ನನ್ನ ಕ್ಲಿನಿಕ್ಕಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಮದುವೆ ಬೇರೆ ಹೊಸದು. ದಿನಕ್ಕೆ ನಾಲ್ಕು ಜನ ಬಂದರೆ ಹಬ್ಬ. ಅವರೂ ಎದ್ದುಹೋದರೆ ನನ್ನ ಗತಿ? ಒಂದು ಪಾಠವನ್ನೂ ತಪ್ಪಿಸಬಾರದು ಅಂತ ಆಣೆ ಮಾಡಿಕೊಂಡೆ.

ನನ್ನ ಸರದಿ ಬಂದಾಗ ಕಾಲೇಜಿನ ನಮ್ಮ ಪ್ರೊಫೆಸರರ ಹತ್ತಿರ ಹೋಗಿ ಸ್ಲೈಡುಗಳನ್ನ ಎರವಲು ತಂದೆ. ವೈವಾದಲ್ಲಿ, ಅಂದರೆ ಬಾಯಿಪರೀಕ್ಷೇಲಿ, ಒಂದು ಸಲ ನನ್ನನ್ನ ಫೇಲು ಮಾಡಿದ್ದ ಪುಣ್ಯಾತ್ಮರು ಇವರೇ. ಕಿಟಕಿಗೆ ಬೆಡ್‌ಶೀಟು, ಗೋಡೆ ಮೇಲೆ ಹಲ್ಲಿನ ಸಾಲು. ಮೇಲ್ದವಡೆಯ ಹಲ್ಲುಗಳ ಬಗ್ಗೆ ಅರ್ಧ ಗಂಟೆ ಕೊರೆದೆ. ಎಲ್ಲರೂ ತಲೆಯಾಡಿಸಿ ಬರಕೊಂಡ್ರು. ದೊಡ್ಡ ಡಾಕ್ಟ್ರೂ ಬರಕೊಂಡ್ರು.

ಅವರ ಮನೆಯವರು, ನಾವು ಅಮ್ಮಾವ್ರು ಅಂತಿದ್ವಿ, ಕಾಫಿ ತಟ್ಟೆ ಹಿಡ್ಕೊಂಡು ಒಳಗೆ ಬಂದು ಗೋಡೆ ನೋಡಿದ್ರು. "ಅಲ್ಲಪ್ಪಾ, ಮೇಲಿನ ಹಲ್ಲು ಅಂತೀಯ. ನಾಲಿಗೆ ಯಾಕೆ ಸೂರಿಗೆ ಹತ್ಕೊಂಡಿದೆ?"

ಕೆಳದವಡೆಯ ಸ್ಲೈಡನ್ನ ತಲೆಕೆಳಗಾಗಿ ಹಾಕಿದ್ದೆ. ಏಳು ಜನ ಡಿಗ್ರಿ ಹೋಲ್ಡರುಗಳು ಪುಸ್ತಕ ಮುಚ್ಚಿದ್ವಿ. ದೊಡ್ಡ ಡಾಕ್ಟ್ರು ಮಾತ್ರ ಹೆಂಡತಿ ಕಡೆ ತಿರುಗಿ, "ಬರೋ ತಿಂಗಳಿಂದ ನೀನೂ ಸಹಿ ಹಾಕೇ," ಅಂದ್ರು.

ಉಪ್ಪಿನಕಾಯಿ ಬಾಟಲಿ

ಮುಂದಿನ ತಿಂಗಳು ಹಲ್ಲಿನ ಬೇರನ್ನ ಶುಚಿಮಾಡೋ ಪಾಠ. ಅಭ್ಯಾಸಕ್ಕೆ ಅಂತ ಕಿತ್ತ ಹಲ್ಲುಗಳನ್ನ ತರಬೇಕಿತ್ತು. ನಾನು ಉಪ್ಪಿನಕಾಯಿ ಬಾಟಲಿಗೆ ತುಂಬಿ, ಬಟ್ಟೆ ಚೀಲದಲ್ಲಿಟ್ಟು ಬಸ್ಸು ಹತ್ತಿದೆ. ಮಾಗಡಿ ರೋಡಲ್ಲಿ ಒಂದು ಹಸು ಅಡ್ಡ ಬಂತು, ಡ್ರೈವರ್ ಬ್ರೇಕ್ ಹಾಕಿದ. ಬಾಟಲಿ ಉರುಳಿ, ಮುಚ್ಚಳ ಕಳಚಿ, ಹಲ್ಲೆಲ್ಲ ಬಸ್ಸಿನ ತುಂಬ ಚೆಲ್ಲಾಪಿಲ್ಲಿ.

"ಅಯ್ಯಯ್ಯೋ, ಯಾರ್ದೋ ಬಾಯೇ ಉದುರ್ಹೋಯ್ತು!" ಅಂತ ಒಬ್ಬಾಕೆ ಕಿರುಚಿ ಕಾಲು ಸೀಟಿನ ಮೇಲೆ ಇಟ್ಟಳು. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿ, ನನ್ನ ಜೊತೆ ಬಗ್ಗಿ ಒಂದೊಂದೇ ಆರಿಸಿಕೊಟ್ಟ. ಒಂದನ್ನ ಮಾತ್ರ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕ್ಕೊಂಡ.

"ಯಾಕಪ್ಪಾ?" ಅಂದೆ.

"ಹೋದ ತಿಂಗಳು ನೀವೇ ಕಿತ್ತಿದ್ದಲ್ವಾ ಸಾರ್, ಇದು ನನ್ದೇ. ಮಿಕ್ಕಿದ್ದಕ್ಕೆ ಲಗೇಜ್ ಟಿಕೆಟ್ ತಗೊಳಿ, ಇದು ಸ್ಟಾಫು."

ನಾನು ತಲುಪೋ ಹೊತ್ತಿಗೆ ಪಾಠ ಮುಗಿದು, ಉಪ್ಪಿಟ್ಟಿನ ಪಾತ್ರೆ ತೊಳೀತಿದ್ರು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಮೊದಲನೇ ಗೈರುಹಾಜರಿ ಬಿತ್ತು.

ಅಮ್ಮಾವ್ರ ಕಣ್ಣು

ಗ್ರಹಚಾರ ನೋಡಿ, ಅದಾದ ಮೇಲೆ ನನ್ನ ಬಲದವಡೆಯ ಕೊನೇ ಹಲ್ಲು ನೋಯೋಕೆ ಶುರುವಾಯ್ತು. ಹೇಳಿದರೆ ಎಲ್ಲರ ಮುಂದೆ ಬಾಯಿ ಕಳ್ಕೊಂಡು ಕೂರಬೇಕು. ಊರವರ ಹಲ್ಲು ಕೀಳೋ ನನಗೆ, ನನ್ನ ಹಲ್ಲಿಗೆ ಇಕ್ಕಳ ಬರುತ್ತೆ ಅಂದರೆ ಮಹಾ ಭಯ. ಲವಂಗ ಕಚ್ಕೊಂಡು ಎರಡು ಪಾಠ ಹೇಗೋ ದೂಡಿದೆ. ಮೂರನೇ ಪಾಠದ ದಿನ ತಡೆಯಲಾರದೆ, ಅತ್ತೆ ಬಂದಿದ್ದಾರೆ ಅಂತ ಸುಳ್ಳು ಹೇಳಿಕಳಿಸಿ ಮನೇಲೇ ಮಲಗಿದೆ. ಎರಡನೇ ಗೈರುಹಾಜರಿ ಬಿತ್ತು.

ಮುಂದಿನ ತಿಂಗಳು ಸಾಕ್ಷಾತ್ ಪ್ರೊಫೆಸರರೇ ಬರೋರಿದ್ರು, ಅಡ್ಡ ಬೆಳೆದ ಕೊನೇ ಹಲ್ಲು ತೆಗೆಯೋದನ್ನ ತೋರಿಸೋಕೆ. ತಪ್ಪಿಸಿದ್ರೆ ಮೂರಾಗುತ್ತೆ. ಹೋದೆ. ಪುಣ್ಯಕ್ಕೆ ರೋಗಿ ಮೊದಲೇ ನಿಗದಿಯಾಗಿದ್ದ, ಲಗ್ಗೆರೆಯಿಂದ ಬಂದ ಒಬ್ಬ ಕಾರ್ಖಾನೆ ಕೆಲಸಗಾರ. ಉಪ್ಪಿಟ್ಟು ತಿಂದ, ಕೇಸರಿಬಾತ್ ತಿಂದ. ಪ್ರೊಫೆಸರು ಉಳಿ, ಸುತ್ತಿಗೆ ತೆಗೆದು ಮೇಜಿನ ಮೇಲೆ ಜೋಡಿಸಿದ್ರು. "ಒಂದಕ್ಕೆ ಹೋಗ್ಬರ್ತೀನಿ ಸಾರ್," ಅಂದವನು ಹಿತ್ತಲ ಕಾಂಪೌಂಡು ಹಾರಿ ಪರಾರಿ.

ದೊಡ್ಡ ಡಾಕ್ಟ್ರ ಮುಖ ಸಣ್ಣದಾಯ್ತು. ಅಷ್ಟು ದೊಡ್ಡವರು ಮನೆಗೆ ಬಂದಿದ್ದಾರೆ, ತೋರಿಸೋಕೆ ಹಲ್ಲಿಲ್ಲ. ಆಗ ಅಮ್ಮಾವ್ರು ಕಾಫಿ ಕೊಡ್ತಾ, "ಈ ವಿಜಯನಗರದ ಹುಡುಗ ಮೂರು ತಿಂಗಳಿಂದ ಕಾಫೀನ ಎಡಗಡೆಯಿಂದ್ಲೇ ಕುಡೀತಿದಾನೆ ನೋಡಿ," ಅಂದ್ರು.

ಆರು ಜನ ಗೆಳೆಯರು ನನ್ನನ್ನ ಎತ್ತಿಯೇ ಕುರ್ಚಿಗೆ ಹಾಕಿದ್ರು. ಇಂಜೆಕ್ಷನ್ ಆಯ್ತು, ಬಾಯಿ ತುಂಬ ಹತ್ತಿ ಬಿತ್ತು. ಪ್ರೊಫೆಸರು ಬಗ್ಗಿ ನೋಡಿ ಗುರುತು ಹಿಡಿದ್ರು. "ಓಹೋ, ನೀನಾ! ಹೇಳು, ಈಗ ಮರಗಟ್ಟಿಸಿದ್ದು ಯಾವ ನರ?"

ನನಗೆ ಗೊತ್ತಿತ್ತು, ದೇವರಾಣೆಗೂ ಗೊತ್ತಿತ್ತು. "ಆಆ... ಊಊ..." ಅಂದೆ.

"ವೈವಾದಲ್ಲೂ ಇದನ್ನೇ ಹೇಳಿದ್ದೆ," ಅಂದವರೇ ಸುತ್ತಿಗೆ ಎತ್ತಿದ್ರು.

ಸೋಮವಾರ

ಹಲ್ಲು ಬಂತು. ಎದ್ದು ಸಹಿ ಹಾಕೋಕೆ ಹೋದರೆ, ದೊಡ್ಡ ಡಾಕ್ಟ್ರು ಹಾಜರಿ ಪುಸ್ತಕ ಎಳ್ಕೊಂಡ್ರು. "ಕಲಿತವರಿಗೆ ಹಾಜರಿ. ನೀನೆಲ್ಲಯ್ಯ ಕಲಿತೆ? ನೀನೇ ಪಾಠ! ಮೇಲಾಗಿ ನೋವು ಮುಚ್ಚಿಟ್ಟಿದ್ದೀಯ." ಮೂರನೇ ಗೈರುಹಾಜರಿ.

ದೊಡ್ಡ ಡಾಕ್ಟ್ರು ತೀರಿಹೋಗಿ ಈಗ ಎಷ್ಟೋ ವರ್ಷವಾಯ್ತು. ಆ ಪುಸ್ತಕ ಈಗ ನನ್ನ ಹತ್ತಿರವಿದೆ. ಅಮ್ಮಾವ್ರ ಸಹಿಯೂ ಇದೆ, ಒಂದು ತಿಂಗಳೂ ತಪ್ಪಿಲ್ಲ. ಅದನ್ನ ತೆರೆದಾಗಲೆಲ್ಲ ಆ ಭಾನುವಾರಗಳು ಇನ್ನೊಂದು ಸಲ ಬರಬಾರದಾ ಅಂತ ಸಂಕಟವಾಗುತ್ತೆ. ನನ್ನ ಕೈಗೆ ಕಸುಬು ಹತ್ತಿದ್ದು ಕಾಲೇಜಲ್ಲಲ್ಲ, ಆ ಮನೇಲಿ.

ಹಲ್ಲು ಕೀಳಿಸಿಕೊಂಡ ಮಾರನೇ ದಿನ, ಸೋಮವಾರ, ನನ್ನ ಕ್ಲಿನಿಕ್ಕಲ್ಲಿ ಎಂದೂ ಇಲ್ಲದ ಹಾಗೆ ಆರು ಜನ ಕೂತಿದ್ರು. ನನ್ನ ಬಲಗೆನ್ನೆ ಬನ್ನಿನ ಹಾಗೆ ಊದಿತ್ತು, ಮಾತು ಹೊರಡ್ತಿರಲಿಲ್ಲ. ಬಾಗಿಲಲ್ಲಿ ದೊಡ್ಡ ಡಾಕ್ಟ್ರು! ಕೊಡೆ ಮೂಲೆಗಿಟ್ಟು, ಗಂಟಲು ಸರಿಮಾಡಿಕೊಂಡು, "ನಿಮ್ಮ ಡಾಕ್ಟ್ರು ಈ ವರ್ಷ ಮೂರು ಪಾಠ ತಪ್ಪಿಸಿದ್ದಾರೆ. ನಿಮಗೆ ತಿಳಿದಿರಲಿ ಅಂತ ಹೇಳೋಕೆ ಬಂದೆ," ಅಂದ್ರು.

ಎಲ್ಲರೂ ತಿರುಗಿ ನನ್ನ ಕೆನ್ನೆ ನೋಡಿದ್ರು. ಹಲ್ಲಿನ ಸೆಟ್ಟಿಗೆ ಅಳತೆ ಕೊಡೋಕೆ ಬಂದಿದ್ದ ಅಜ್ಜಿ ಮೆಲ್ಲಗೆ ಎದ್ದರು. ಮುಗೀತು ನನ್ನ ಕಥೆ, ಇವರ ಹಿಂದೆ ಎಲ್ಲರೂ ಹೋಗ್ತಾರೆ ಅಂದ್ಕೊಂಡೆ. ಅಜ್ಜಿ ಸೀದಾ ದೊಡ್ಡ ಡಾಕ್ಟ್ರ ಎದುರಿಗೆ ಹೋಗಿ ನಿಂತರು.

"ಪಾಠ ತಪ್ಪಿಸಿದ್ದು ತಪ್ಪೇ ಸ್ವಾಮಿ. ಆದ್ರೂ ಲಗ್ನ ಆಗಿರೋ ಹುಡುಗನ್ನ ಈ ಪಾಟಿ ಹೊಡೀಬಾರದಿತ್ತು ನೀವು!"