ಅತ್ತೆಯ ಕೋಳಿಗೂಡಿಗೆ ಎಷ್ಟು ಕಿಟಕಿ?

ನಮ್ಮ ಅತ್ತೆಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದು ನಾನು ಬರೆದರೆ, ಅದನ್ನು ಓದಿ ಮೊದಲು ಹೆದರುವವಳು ಅತ್ತೆಯೇ! "ಹಂಗೆಲ್ಲ ಬರೀಬೇಡ ತಮಾ, ದೃಷ್ಟಿ ಆತದೆ" ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿಬಿಟ್ಟಾಳು. ಆದ್ದರಿಂದ ಇದ್ದದ್ದನ್ನೇ ಬರೆಯುತ್ತೇನೆ. ಸಿದ್ದಾಪುರ ತಾಲ್ಲೂಕಿನ ಹೆದರಿಕೆಯನ್ನೆಲ್ಲ ತಂದು ಒಂದು ಕಡೆ ರಾಶಿ ಹಾಕಿದರೆ ಅರ್ಧ ರಾಶಿ ನಮ್ಮ ಅತ್ತೆಯದು. ಅವಳು ನನ್ನ ಅಪ್ಪನ ಅಕ್ಕ, ನಮ್ಮ ಜೊತೆಗೇ ಇದ್ದಾಳೆ. ಗ್ಯಾಸ್ ಸಿಲಿಂಡರಿಗೆ ಬೆನ್ನು ಹಾಕಿ ಕೂರುವುದಿಲ್ಲ. ಮೊಬೈಲ್ ಚಾರ್ಜಿಗೆ ಹಾಕಿದರೆ ಅದು ತುಂಬುವವರೆಗೂ ಪಕ್ಕದಲ್ಲೇ ಕಾವಲು. ಶಿರಸಿಗೆ ಬಸ್ಸಿನಲ್ಲಿ ಹೋಗುವಾಗ ಪ್ರತಿ ತಿರುವಿನಲ್ಲೂ ಮುಂದಿನ ಸೀಟಿನ ಕಂಬಿ ಹಿಡಿದು, ಡ್ರೈವರನ ಪಾಲಿನ ಬ್ರೇಕನ್ನೂ ತಾನೇ ಒತ್ತುತ್ತಾಳೆ. ಬಸ್ಸಿಳಿದಾಗ ಅವಳಿಗೆ ಕಾಲು ನೋವು, ಪಕ್ಕದಲ್ಲಿ ಕೂತ ನನಗೆ ಮರ್ಯಾದೆ ನೋವು!

ಇಷ್ಟೆಲ್ಲ ಹೆದರಿಕೆಗಳು ಹೋದ ವರ್ಷದಿಂದ ಒಂದೇ ಕಡೆ ಬಂದು ಸೇರಿಕೊಂಡವು. ಅದು ಹಿತ್ತಲಿನ ಕೋಳಿಗೂಡು. ಹೋದ ಮಳೆಗಾಲದಲ್ಲಿ ಒಂದು ಸಂಜೆ ಎರಚಲು ಜೋರಾಗಿ ಹೊಡೆಯುತ್ತಿತ್ತು. ಪಾಪದ ಕೋಳಿಗಳು ಚಳಿಯಲ್ಲಿ ನಡುಗುತ್ತಿವೆ, ಮೇಲಿಂದ ಸೊಳ್ಳೆ ಕಾಟ ಬೇರೆ ಎಂದು ಅತ್ತೆಯ ಕರುಳು ಚುರ್ ಎಂದಿತು. ನಮ್ಮ ಕಡೆ ದನದ ಕೊಟ್ಟಿಗೆಗೆ ಸೊಳ್ಳೆ ಓಡಿಸಲು ಭತ್ತದ ಹೊಟ್ಟಿನ ಹೊಗೆ ಹಾಕುವುದುಂಟು. ದನಕ್ಕೆ ಆದದ್ದು ಕೋಳಿಗೆ ಆಗದೇ? ಅತ್ತೆ ಹಳೇ ಬಾಣಲೆಯಲ್ಲಿ ಹೊಟ್ಟಿನ ಹೊಗೆ ಮಾಡಿ ಗೂಡಿನೊಳಗೆ ಇಟ್ಟಳು. ಮಳೆ ಒಳಗೆ ಬರದ ಹಾಗೆ ಸುತ್ತಲೂ ನೀಲಿ ತಾಡಪತ್ರೆ ಸುತ್ತಿ ಬಿಗಿಯಾಗಿ ಕಟ್ಟಿದಳು. ಬೆಳಿಗ್ಗೆ ಬಿಚ್ಚಿದರೆ ಒಂಬತ್ತು ಕೋಳಿಗಳೂ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಸತ್ತು ಬಿದ್ದಿದ್ದವು.

"ಗಾಳಿ ಆಡದೆ ಹೀಗಾಗಿದೆ" ಎಂದರು ದನದ ಡಾಕ್ಟರು. ಆ ಒಂದು ಮಾತು ಅತ್ತೆಯ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು.

ಈ ಬೇಸಿಗೆಯಲ್ಲಿ ಅವಳು ಧೈರ್ಯ ಮಾಡಿ ಏಳು ಹೇಟೆ, ಒಂದು ಹುಂಜ ತಂದಳು. ಧೈರ್ಯ ಎಂದೆನೇ? ಕ್ಷಮಿಸಿ. ತಂದ ಗಳಿಗೆಯಿಂದಲೇ ಇವೂ ಉಸಿರುಗಟ್ಟಿ ಸತ್ತರೆ ಎಂಬ ಹೆದರಿಕೆ ಶುರು. ಹೊಸ ಗೂಡು ಕಟ್ಟಲು ಆಚಾರಿ ಬಂದ. ಅತ್ತೆ ಅವನಿಗೆ ಕಿಟಕಿಗಳನ್ನು ಹೇಳುತ್ತಾ ಹೋದಳು. ಪಡುವಣಕ್ಕೆ ಎರಡು, ಮೂಡಣಕ್ಕೆ ಎರಡು, ಮಾಡಿನ ಕೆಳಗೆ ಉದ್ದಕ್ಕೆ ಸಂದು, ನೆಲದ ಹತ್ತಿರ ನಾಲ್ಕು ತೂತು.

ಆಚಾರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ. "ಅಮಾ, ಗೋಡೆ ಎಲ್ಲಿ ಬರ್ಬೇಕು ಹೇಳಿ."

"ಗೋಡೆ ನೀನೇ ನೋಡ್ಕ ಮಾರಾಯ. ಗಾಳಿ ಮಾತ್ರ ನಂಗೆ ಕೇಳು!"

ಕಿಟಕಿ ಆಯಿತು. ಈಗ ಹಾವಿನ ಹೆದರಿಕೆ! ಗಾಳಿ ಬರುವ ತೂತಿನಲ್ಲಿ ಹಾವು ಬಾರದೇ? ನನ್ನನ್ನು ಪೇಟೆಗೆ ಓಡಿಸಿ ತಂತಿ ಬಲೆ ತರಿಸಿದಳು. ಅದರ ಕಣ್ಣಿನಲ್ಲಿ ತನ್ನ ಕಿರುಬೆರಳು ತೂರಿಸಿ ನೋಡಿದಳು. ತೂರಿತು. "ನನ್ನ ಬೆರಳು ಹೋದ್ರೆ ಹಾವಿನ ಮರಿ ಹೋಗೂದಿಲ್ಲನಾ?" ಎಂದು ವಾಪಸು ಕಳಿಸಿದಳು. ಎರಡನೇ ಸಲ ಸಣ್ಣ ಕಣ್ಣಿನದು ತಂದೆ. ಅದನ್ನು ಮುಖಕ್ಕೆ ಹಿಡಿದು ಉಸಿರಾಡಿ ನೋಡಿ, "ಇದ್ರಲ್ಲಿ ಗಾಳಿಗೇ ದಾರಿ ಇಲ್ಲ" ಎಂದಳು. ಮೂರನೇ ಸಲ ನಾನು ಹೋದಾಗ ಅಂಗಡಿಯವನು ನನ್ನನ್ನು ಕಂಡು ಒಳಗೆ ಹೋಗಿ ಕೂತುಬಿಟ್ಟ!

ಗೂಡು ಮುಗಿದ ಮೇಲೆ ಪರೀಕ್ಷೆ. ಅತ್ತೆ ಊದುಬತ್ತಿ ಹಚ್ಚಿ ಗೂಡಿನೊಳಗೆ ಹಿಡಿದು, ಹೊಗೆ ಯಾವ ಕಡೆ ಹೋಗುತ್ತದೆ ಎಂದು ನೋಡುತ್ತಾ ನಿಂತಳು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯಾಕೆ ಚಪ್ಪಲಿ ಬಿಟ್ಟು ಕೈ ಮುಗಿದು ಹೋದಳಂತೆ. ಆದರೂ ಅತ್ತೆಗೆ ಸಮಾಧಾನವಿಲ್ಲ. ಹೊಗೆಗೆ ಗೊತ್ತಾದದ್ದು ಕೋಳಿಗೆ ಗೊತ್ತಾಗಬೇಕಲ್ಲ? ಒಂದು ಮಧ್ಯಾಹ್ನ ನಾನು ನನ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಮನೆಗೆ ಬಂದರೆ ಅತ್ತೆ ಎಲ್ಲೂ ಇಲ್ಲ. ಕೂಗಿದೆ. ಹಿತ್ತಲಿನಿಂದ ಉತ್ತರ ಬಂತು. ಹೋಗಿ ನೋಡುತ್ತೇನೆ, ಅತ್ತೆ ಗೂಡಿನೊಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ, ಹೊರಗಿನ ಚಿಲಕ ತಾನಾಗಿ ಬಿದ್ದುಕೊಂಡಿದೆ, ಹುಂಜ ಅವಳ ಎದುರು ನಿಂತು ಕತ್ತು ಓರೆ ಮಾಡಿ ನೋಡುತ್ತಿದೆ!

"ಎಷ್ಟು ಹೊತ್ತಾತು ಅತ್ತೆ?"

"ಹತ್ತೂವರೆಗೆ ಕೂತಿದ್ದೆ. ಗಾಳಿ ಲಾಯ್ಕ ಬತ್ತದೆ ಮಾರಾಯ. ಆದ್ರೆ ಮೊಣಕಾಲು ಹಿಡ್ಕಂಡದೆ, ಎಳಿ ಒಂಚೂರು."

ಎಳೆದೆ. ನಗು ತಡೆಯಲಾರದೆ ನಾನೇ ಕೂತುಬಿಟ್ಟೆ.

ಈ ಎಲ್ಲ ಪರೀಕ್ಷೆಗಳಲ್ಲೂ ನಾವು ಮಾಡಿದ ತಪ್ಪು ಒಂದೇ. ಊದುಬತ್ತಿ ಹಚ್ಚಿದ್ದು ಬಿಸಿಲುಗಾಲದಲ್ಲಿ. ಆಗ ಪಡುವಣದ ಗಾಳಿ ತಂಪಾಗಿ ಹಿತವಾಗಿ ಬರುತ್ತದೆ ಎಂದು ಅತ್ತೆ ದೊಡ್ಡ ಕಿಟಕಿಗಳನ್ನು ಆ ಕಡೆಗೇ ಇಡಿಸಿದ್ದಳು. ಮಳೆಯೂ ಅದೇ ಕಡೆಯಿಂದ ಬರುತ್ತದೆ ಎಂಬುದು ಊರಲ್ಲಿ ಹುಟ್ಟಿ ಬೆಳೆದ ನಮಗಿಬ್ಬರಿಗೂ ಹೊಳೆಯಲಿಲ್ಲ!

ಮಳೆ ಹಿಡಿದ ವಾರವೇ ಅತ್ತೆ ಹೆಗ್ಗರಣೆಯಲ್ಲಿರುವ ತಂಗಿಯ ಮನೆಗೆ ಒಂದು ದಿನದ ಮಟ್ಟಿಗೆ ಹೋಗಲೇಬೇಕಾಯಿತು. ತಂಗಿಯ ಮಗಳ ಬಯಕೆ ಊಟ. ಬಸ್ಸು ಹೊರಟ ಮೇಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು. ಕಿಟಕಿಯಿಂದ ತಲೆ ಹೊರಗೆ ಹಾಕುವವರನ್ನು ಕಂಡರೇ ಹೆದರುವ ಅತ್ತೆ!

"ಎಂತಾ ಆದ್ರೂ ತಾಡಪತ್ರೆ ಕಟ್ಬೇಡ ತಮಾ! ತಾಡಪತ್ರೆ ಮುಟ್ಬೇಡ!"

ಸಂಜೆಗೆ ಗಾಳಿ ಮಳೆ ಶುರುವಾಯಿತು. ಹೋಗಿ ನೋಡಿದರೆ ಪಡುವಣದ ಎರಡೂ ಕಿಟಕಿಯಿಂದ ನೀರು ಚೊಂಬಿನಲ್ಲಿ ಎರಚಿದ ಹಾಗೆ ಒಳಗೆ ಬರುತ್ತಿದೆ. ಕೆಳಗೆ ಹಾಸಿದ ಭತ್ತದ ಹೊಟ್ಟೆಲ್ಲ ನೆನೆದು ಮುದ್ದೆ. ಕೋಳಿಗಳು ಕಂಬಿಯ ಮೇಲೆ ಒಂದಕ್ಕೊಂದು ಅಂಟಿಕೊಂಡು, ಕಣ್ಣು ಮುಚ್ಚಿ ನಡುಗುತ್ತಿವೆ. ಅತ್ತೆಗೆ ಫೋನ್ ಮಾಡಿದೆ. ಹತ್ತಲಿಲ್ಲ. ನನಗೂ ಆಗ ಹೆದರಿಕೆ ಹುಟ್ಟಿತು. ಕಟ್ಟದಿದ್ದರೆ ನೆನೆದು ಸಾಯುತ್ತವೆ, ಕಟ್ಟಿದರೆ ಅತ್ತೆ ನನ್ನನ್ನು ಕೊಲ್ಲುತ್ತಾಳೆ. ಕೊನೆಗೆ ನಾನು ಬುದ್ಧಿವಂತಿಕೆಯ ಲೆಕ್ಕ ಹಾಕಿದೆ. ಹೋದ ವರ್ಷ ಕೊಂದದ್ದು ಹೊಗೆ, ತಾಡಪತ್ರೆಯಲ್ಲ. ಈಗ ಹೊಗೆ ಎಲ್ಲಿದೆ? ಪಡುವಣಕ್ಕೆ ಕಟ್ಟಿದೆ. ಗಾಳಿ ತಿರುಗಿ ಬೇರೆ ಕಡೆಯಿಂದಲೂ ಹೊಡೆಯಿತು, ಅಲ್ಲೂ ಸುತ್ತಿದೆ. ಹಗ್ಗ ಉಳಿದಿತ್ತು, ಉಳಿದ ಕಡೆಗೂ ಬಿಗಿದೆ. ಬೆನ್ನು ತಟ್ಟಿಕೊಂಡು ಬಂದು ಮಲಗಿದೆ.

ಬೆಳಕು ಹರಿದಾಗ ಹುಂಜ ಕೂಗಲಿಲ್ಲ.

ಎದ್ದು ಓಡಿದೆ. ನೆನೆದ ಹಗ್ಗದ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿ ತಾಡಪತ್ರೆ ಎಳೆದೆ. ನೆನೆದ ಹಿಕ್ಕೆಯ ಘಾಟು ಒಂದೇ ಸಲ ಮುಖಕ್ಕೆ ಹೊಡೆದು ಕಣ್ಣು ಉರಿದು ನೀರು ಸುರಿಯಿತು. ಕೋಳಿಗಳೆಲ್ಲ ಕೆಳಗೆ ಬಿದ್ದುಕೊಂಡು, ಕೊಕ್ಕು ತೆರೆದು ತೇಕುತ್ತಿದ್ದವು. ಒಂದೊಂದನ್ನೇ ಎತ್ತಿ ಹಿತ್ತಲ ಜಗುಲಿಯ ಮೇಲೆ ಮಲಗಿಸಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮೊದಲು ಹುಂಜ ಕಾಲು ಜಾಡಿಸಿತು. ಆಮೇಲೆ ಒಂದೊಂದಾಗಿ ಎದ್ದು ತೂರಾಡುತ್ತಾ ನಿಂತವು. ಬಿಳಿ ಹೇಟೆಯೊಂದು ಮಾತ್ರ ಏಳಲಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ರೆಕ್ಕೆ ಸವರುತ್ತಾ ಕೂತೆ. ಅದರ ಎದೆ ಏರುತ್ತದೋ ಇಲ್ಲವೋ ಎಂದು ನೋಡುವುದೇ ಕೆಲಸವಾಯಿತು. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಮೊದಲ ಬಸ್ಸಿಗೇ ಅತ್ತೆ ಬಂದಿಳಿದಳು. ಮಳೆಯ ಸದ್ದು ಕೇಳಿ ಅಲ್ಲಿ ಅವಳಿಗೂ ನಿದ್ದೆ ಬಂದಿರಲಿಲ್ಲವಂತೆ. ಹಿತ್ತಲಲ್ಲಿ ಬಿದ್ದ ತಾಡಪತ್ರೆ ನೋಡಿದಳು. ಜಗುಲಿಯ ಕೋಳಿಗಳನ್ನು ನೋಡಿದಳು. ನನ್ನ ತೊಡೆಯ ಮೇಲಿನ ಬಿಳಿ ಹೇಟೆಯನ್ನು ನೋಡಿದಳು. ನಾನು ಬೈಗುಳಕ್ಕೆ ತಲೆ ತಗ್ಗಿಸಿದೆ.

ಅತ್ತೆ ಕೈಚೀಲ ಅಲ್ಲೇ ಬಿಟ್ಟು ಬಂದು, ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

"ಹೆದ್ರಕಂಡ್ಯಾ ತಮಾ? ಕೈಯೆಲ್ಲ ತಣ್ಣಗಾಗ್ಯದೆ ನಿಂಗೆ. ಹೇಟೆ ಇರ್ಲಿ, ನೀನು ಮೊದ್ಲು ಒಂದು ಲೋಟ ಬಿಸಿನೀರು ಕುಡಿ."

ನನಗೆ ಹೋದ ವರ್ಷದ ಬೆಳಿಗ್ಗೆ ನೆನಪಾಯಿತು. ಸತ್ತ ಒಂಬತ್ತು ಕೋಳಿಗಳ ಮುಂದೆ ಅತ್ತೆ ಒಬ್ಬಳೇ ಕೂತಿದ್ದಳು. ನಾನು ಚಹದ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, "ಒಂದೊಂದೇ ಸತ್ತಿದ್ರೆ ಸಾರಿಗಾದ್ರೂ ಆಗ್ತಿತ್ತಲ್ಲೇ ಅತ್ತೆ" ಎಂದಿದ್ದೆ. ಮನೆಯವರೆಲ್ಲ ನಕ್ಕಿದ್ದರು. ಅವಳ ಕೈ ತಣ್ಣಗಿದೆಯೇ ಎಂದು ಯಾರೂ ಮುಟ್ಟಿ ನೋಡಿರಲಿಲ್ಲ. ಇಷ್ಟು ದಿನ ನಾನು ಅವಳ ಕಿಟಕಿಗಳನ್ನು ಎಣಿಸಿ ಊರಿಗೆಲ್ಲ ಹೇಳಿ ನಗಿಸಿದೆನೇ ಹೊರತು, ಆ ಬೆಳಿಗ್ಗೆಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

ಬಿಳಿ ಹೇಟೆ ಸಣ್ಣಗೆ ಕೊಕ್ ಎಂದು ತಲೆ ಎತ್ತಿತು. ಅತ್ತೆ ಅದನ್ನು ನನ್ನ ತೊಡೆಯಿಂದ ತನ್ನ ತೊಡೆಗೆ ತೆಗೆದುಕೊಂಡಳು.

"ಅತ್ತೆ, ಹೋದ ವರ್ಷ ಆವತ್ತು ನಿಂಗೆ ಎಂತಾ ಆಗಿತ್ತೇ?" ಎಂದು ಕೇಳಿದೆ.

ಅವಳು ಹೇಟೆಯ ಕೆದರಿದ ರೆಕ್ಕೆ ಸರಿ ಮಾಡಿದಳು. ಆಮೇಲೆ ಹೇಳತೊಡಗಿದಳು. ಕೇಳುತ್ತಾ ಕೂತ ನಾನು ಅಂದು ನನ್ನ ಅಂಗಡಿಯ ಬಾಗಿಲು ತೆಗೆದದ್ದು ಮಧ್ಯಾಹ್ನದ ಮೇಲೆ.