ಗೋಡೆಯೊಳಗಿಂದ ಬಂದ ಬಸ್ಸಾರು

ಮನೆ ಕೊಳ್ಳಲು ಹೊರಟವರ ಮುಖ ನೋಡುವುದೇ ನನಗೊಂದು ಅಮ್ಯೂಸ್‌ಮೆಂಟು. ಹೆಣ್ಣು ನೋಡಲು ಬಂದವರಿಗಿಂತಲೂ ಗಂಭೀರವಾಗಿರುತ್ತಾರೆ. ಗೋಡೆ ತಟ್ಟುತ್ತಾರೆ, ನೆಲ ಕುಟ್ಟುತ್ತಾರೆ, ಬಾವಿಗೆ ಬಗ್ಗಿ ‘ಹೂಂ’ ಎನ್ನುತ್ತಾರೆ. ಬಾವಿಯೂ ಮರ್ಯಾದೆಗೆ ‘ಹೂಂ’ ಎನ್ನುತ್ತದೆ. ನಂಜನಗೂಡಿನ ಈ ಮನೆಗೆ ನಾನು ಮೊದಲು ಕಾಲಿಟ್ಟಾಗ ನನ್ನ ಮುಖವೂ ಹಾಗೆಯೇ ಬಿಗಿದುಕೊಂಡಿತ್ತು.

ಆಗಿನ್ನೂ ಹೊಸದಾಗಿ ಮದುವೆಯಾದವಳು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಪಿಯಾನೊ ಮೇಲೆ ಎರಡು ಚರ್ಚಿನ ಹಿಮ್ ನುಡಿಸಲು ಕಲಿತು, ಒಲೆ ಹೊತ್ತಿಸಲು ಮಾತ್ರ ಕಲಿಯದೆ ಬಂದಿದ್ದೆ. ಕಾನ್ವೆಂಟಿನ ಸಿಸ್ಟರುಗಳಿಂದ ನಾನು ತಂದ ದೊಡ್ಡ ಆಸ್ತಿಯೆಂದರೆ ‘ಪ್ರೈವೆಸಿ’ ಎಂಬ ಒಂದು ಶಬ್ದ. ಅತ್ತೆಯ ಮನೆಯಲ್ಲಿ ಅದನ್ನು ಇಡಲು ಒಂದು ಗೂಡೂ ಇರಲಿಲ್ಲ. ಅಲ್ಲಿ ಸೀನಿದರೆ ನಾಲ್ಕು ಕೋಣೆಗಳಿಂದ ‘ಚಿರಂಜೀವಿ’ ಎಂದು ಉತ್ತರ ಬರುತ್ತಿತ್ತು. ಯಜಮಾನರಿಗೆ ನಂಜನಗೂಡಿಗೆ ವರ್ಗವಾದಾಗ ನಾನು ಕೇಳಿದ್ದು ಒಡವೆಯಲ್ಲ, ನಾಲ್ಕು ಗೋಡೆಯ ಒಂದು ಸ್ವಂತ ಮನೆ. ಅವರು ಸರ್ಕಾರಿ ಕಟ್ಟಡಗಳ ರಿಪೇರಿ ನೋಡುವ ಓವರ್‌ಸಿಯರ್. ಗೋಡೆಯ ವಿಷಯದಲ್ಲಿ ಅವರಿಗೆ ಮೋಸ ಮಾಡುವವರುಂಟೇ?

ಮನೆ ಪುಟ್ಟಮ್ಮನದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ತಿರುಮಕೂಡಲಿನಲ್ಲಿದ್ದ, ಎಂದರೆ ಟಿ. ನರಸೀಪುರದಲ್ಲಿದ್ದ, ಅವಳ ತಮ್ಮ ಬಾ ಬಾ ಎಂದು ಕರೆಯುತ್ತಿದ್ದ. ಮನೆ ಮಾರಾಟವಾಗದೆ ಹೊರಡುವ ಹಾಗಿರಲಿಲ್ಲ. ನಮಗೆ ಪಡಸಾಲೆ ತೋರಿಸಿದಳು, ಹಿತ್ತಿಲು ತೋರಿಸಿದಳು, ಕೊನೆಗೆ ಅಡಿಗೆಮನೆಗೆ ಕರೆತಂದಳು. ಅಲ್ಲಿ ಒಂದು ಗೋಡೆಗೆ ಒರಗಿಸಿ ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಳು. ಅದರಾಚೆ ಪಕ್ಕದ ಮನೆ. ಎರಡಕ್ಕೂ ಅದೊಂದೇ ಗೋಡೆ. ಪುಟ್ಟಮ್ಮ ಗಡಿಗೆಗಳ ಪಕ್ಕ ನಿಂತು ಎರಡು ಸಲ ಜೋರಾಗಿ ಕೆಮ್ಮಿದಳು. ಪಾಪ, ಹೊಗೆ ಕುಡಿದ ಎದೆ ಎಂದುಕೊಂಡೆ. ಯಜಮಾನರು ಬೆತ್ತದಿಂದ ಗೋಡೆಯ ಮೂಲೆ ತಟ್ಟಿ, “ಫಸ್ಟ್ ಕ್ಲಾಸ್. ಆನೆ ಗುದ್ದಿದರೂ ಅಲ್ಲಾಡೋಲ್ಲ” ಎಂದರು.

ಅಷ್ಟರಲ್ಲಿ ಗೋಡೆಯೊಳಗಿಂದ ಒಂದು ಕೈ ಬಂತು.

ಗಡಿಗೆಗಳ ಸಂದಿಯಲ್ಲಿ, ಹಸಿರು ಬಳೆ ತೊಟ್ಟ ಕೈ, ಕೈಯಲ್ಲಿ ಬಟ್ಟಲು. “ಪುಟ್ಟೀ, ಇಸ್ಕೊಳ್ಳೇ. ಉಳ್ಳಿಕಾಳ್ ಬಸ್ಸಾರು. ಆರೋಯ್ತದೆ.”

“ಓ ಮೈ ಗಾಡ್!” ಎಂದು ನಾನು ಚೀರಿದೆ. ಕೈ ಅಲ್ಲಾಡಲಿಲ್ಲ. “ಯಾರೇ ಅದು, ಮನೆ ತಕ್ಕೊಳ್ಳೋರಾ? ಉಪ್ಪು ಸಾಕಾ ನೋಡಕ್ಕೇಳು” ಎಂದಿತು.

ಗಡಿಗೆ ಸರಿಸಿ ನೋಡಿದರೆ ಕುಂಬಳಕಾಯಿ ತೂರುವಂಥ ಕಂಡಿ. ಅದರ ನೆತ್ತಿಯಿಂದ ತೊಲೆಯವರೆಗೆ ಓಡಿದ ಬಿರುಕು. ಯಜಮಾನರ ಮುಖದಲ್ಲೂ ಅಂಥದೇ ಒಂದು ಬಿರುಕು. “ಏನಮ್ಮಾ ಇದು!”

“ಮೊದ್ಲು ಕೆಂಡ ಇಸ್ಕೊಳ್ಳಕೆ ಅಂತ ಒಂದ್ ಇಟ್ಗೆ ತಗುದ್ವಿ ಸಾ” ಎಂದಳು ಪುಟ್ಟಮ್ಮ. “ಚೊಂಬು ಇಡುಸ್ನಿಲ್ಲ, ಇನ್ನೊಂದ್ ತಗುದ್ವಿ. ಅಬ್ಬುಕ್ಕೆ ಒಬ್ಬಟ್ಟಿನ ತಟ್ಟೆ ಇಡುಸ್ನಿಲ್ಲ…”

“ಹೀಗೇ ಬಿಟ್ಟರೆ ಗೋಡೆ ಬಿದ್ದು ಹೋಗುತ್ತೆ!”

“ಬೀಳ್ಲಿ ಬುಡಿ ಸಾ” ಎಂದಿತು ಆಚೆಯ ದನಿ. “ಅಡ್ಡ ಇರಾದೇ ಅದೊಂದು.”

ಆ ದನಿ ಕೆಂಪಮ್ಮನದು. ಅವಳ ಮನೆಯ ಬಾಗಿಲು ಹಿಂದಿನ ಬೀದಿಗೆ. ಮಂಡಿನೋವಿನ ಕಾಲೆಳೆದುಕೊಂಡು ಸುತ್ತಿ ಬರುವುದು ಅವಳಿಂದ ಆಗದು. ಅವಳಿಗೆ ಊರೆಂದರೆ ಆ ಕಂಡಿ. ಆದರೆ ನನ್ನ ಪ್ರೈವೆಸಿ? ಕಂಡಿ ಮುಚ್ಚಿದರೆ ಮಾತ್ರ ಮನೆ ಬೇಕು ಎಂದು ನಾನು ಹಟ ಹಿಡಿದೆ. ಪುಟ್ಟಮ್ಮ ಬಟ್ಟಲು ಇಸಿದುಕೊಂಡು ಒಲೆಯ ಪಕ್ಕ ಇಟ್ಟಳು. “ಇಟ್ಗೆ ಗಾರೆ ತರುಸ್ಕೊಡ್ತೀನಿ ಕಣವ್ವ. ಆದ್ರೆ ನಾ ಗಾಡಿ ಅತ್ತಿದ ಮ್ಯಾಲೆ ಮುಚ್ಸು.”

ಗಾಡಿ ಹತ್ತುವ ದಿನ ಇಟ್ಟಿಗೆ, ಗಾರೆ ಎಲ್ಲ ಹಿತ್ತಿಲಿಗೆ ಬಂದು ಬಿದ್ದಿತ್ತು. ಪುಟ್ಟಮ್ಮ ಹಿಂದಿನ ಬೀದಿಗೆ ಹೋಗಿ ಗೆಳತಿಯನ್ನು ನೋಡಲೇ ಇಲ್ಲ. “ಎದುರ್ಗೆ ಮಕ ನೋಡ್ಕಂಡು ಮಾತಾಡಿ ಅಭ್ಯಾಸಿಲ್ಲ ಕಣವ್ವ, ಅಳು ಬತ್ತದೆ” ಎಂದು ಕಂಡಿಯ ಮುಂದೆ ಕುಳಿತು ಕೈಯಷ್ಟೇ ಆಚೆ ಚಾಚಿದಳು. ಆಚೆಯವಳು ಅದನ್ನು ಎಷ್ಟು ಹೊತ್ತು ಹಿಡಿದಿದ್ದಳೋ. ಗಾಡಿಯವನು ಕೂಗಿ ಕೂಗಿ ಸುಸ್ತಾದ. ನಾನು ಬಾಗಿಲ ಮರೆಯಲ್ಲಿ ನಿಂತು ಕರ್ಚೀಫ್ ಹುಡುಕುತ್ತಿದ್ದೆ. ಆದರೂ ಕಂಡಿ ಮುಚ್ಚುವ ಪ್ರಿನ್ಸಿಪಲ್ ಸಡಿಲಿಸಲಿಲ್ಲ.

ಮಾರನೆಯ ದಿನ ಶುಕ್ರವಾರ, ಹಾಲುಕ್ಕಿಸುವ ಮುಹೂರ್ತ. ಗಾರೆಯವನು ಸೋಮವಾರ ಬರುವವನಿದ್ದ. ಸೌದೆ ಹಸಿ, ಬೆಂಕಿಪೆಟ್ಟಿಗೆ ತೇವ, ಅತ್ತೆಯವರು ಪಡಸಾಲೆಯಲ್ಲಿ. ಊದಿ ಊದಿ ನನ್ನ ಕಣ್ಣಲ್ಲಿ ನೀರು ಉಕ್ಕಿತೇ ಹೊರತು ಹಾಲು ಉಕ್ಕಲಿಲ್ಲ. ಆಗ ಕಂಡಿಯಲ್ಲಿ ತೆಂಗಿನ ಚಿಪ್ಪು ಬಂತು, ಅದರ ತುಂಬ ನಿಗಿನಿಗಿ ಕೆಂಡ.

“ಶುಕ್ರವಾರ ಬೆಂಕಿ ಕೊಡಬಾರದಲ್ಲವೇ? ಮನೆಯ ಲಕ್ಷ್ಮಿ ಹೊಸಿಲು ದಾಟಿ ಹೋಗುತ್ತಾಳಂತೆ” ಎಂದು ಪಿಸುಗುಟ್ಟಿದೆ.

“ಒಸ್ಲೆಲ್ಲಿ ದಾಟ್ತು ಮಗ? ಗ್ವಾಡೇಲಿ ತಾನೆ ಬಂದದ್ದು. ಬಿರ್ನೆ ಇಸ್ಕೊ, ನಿಮ್ಮತ್ತೆ ಬಂದಾರು.”

ಹಾಲು ಉಕ್ಕಿತು. ಸೊಸೆ ಜಾಣೆ ಎಂದು ಅತ್ತೆ ಹೊಗಳಿದರು. ಸೋಮವಾರ ಗಾರೆಯವನು ಬಂದಾಗ ನನಗೆ ತಲೆನೋವು, ಮುಂದಿನ ವಾರ ಬಾ ಎಂದೆ. ಮುಂದಿನ ವಾರ ಇನ್ನೇನೋ ನೋವು. ಕೊನೆಗೆ ಯಜಮಾನರೇ ಒಂದು ಕಲ್ಲಿನ ಪಟ್ಟಿ ತಂದು ಕಂಡಿಯ ನೆತ್ತಿಗೆ ಕೂಡಿಸಿ, ಬಿರುಕಿಗೆ ಗಾರೆ ತುಂಬಿಸಿ, ಸುತ್ತ ತೇಗದ ಚೌಕಟ್ಟು ಹಾಕಿಸಿದರು. “ಗೋಡೆ ಬೀಳದಿರಲಿ ಅಂತ, ಅಷ್ಟೇ” ಎಂದು ಗದರಿಕೊಂಡರು. ಉಳಿದ ಇಟ್ಟಿಗೆಯಲ್ಲಿ ತುಳಸಿಕಟ್ಟೆಯಾಯಿತು. ಗಂಡಸರು ಮನೆಯಲ್ಲಿದ್ದಾಗ ಕೂಗಬಾರದು, ಕೆಮ್ಮಿದರೆ ಕೈ ಬರುತ್ತದೆ ಎಂಬ ಕಾನೂನನ್ನೂ ಕೆಂಪಮ್ಮ ಕಲಿಸಿದಳು. ಆಮೇಲೆ ನಾನು ಕೆಮ್ಮಿದ ಕೆಮ್ಮಿಗೆ ಲೆಕ್ಕವಿಲ್ಲ. ನನ್ನ ಬಾಣಂತನಗಳೆಲ್ಲ ಆ ಕಂಡಿಯಲ್ಲೇ ನಡೆದವು ಎನ್ನಬೇಕು. ಕೆಂಪಮ್ಮ ಹೋದ ಮೇಲೆ ಅವಳ ಸೊಸೆ ಸಿದ್ದಮ್ಮನ ಕೈ ಬರತೊಡಗಿತು.

ಈಗ ಯಜಮಾನರು ಪೆನ್ಷನ್ ಆಗಿ, ತಿರುಮಕೂಡಲಿನ ಹೊಳೆ ದಂಡೆಯಲ್ಲಿ ಒಂದು ತೋಟದ ಮನೆ ಹಿಡಿದಿದ್ದಾರೆ. ಈ ಮನೆ ನೋಡಲು ಮೊನ್ನೆ ಒಬ್ಬ ವಕೀಲ, ಅವನ ಹೊಸ ಹೆಂಡತಿ ಬಂದಿದ್ದರು. ಹುಡುಗಿ ನಮ್ಮ ಕಾನ್ವೆಂಟಿನವಳೇ, ಪಡಸಾಲೆಯಲ್ಲೇ ‘ಪ್ರೈವೆಸಿ’ ಎಂದಳು. ನಾನು ಮುಂಜಾನೆಯೇ ಗಡಿಗೆಗಳನ್ನು ಒಪ್ಪವಾಗಿ ಪೇರಿಸಿ, ಕರೆಯುವ ತನಕ ಕೈ ಹಾಕಬೇಡವೆಂದು ಸಿದ್ದಮ್ಮನಿಗೆ ಹೇಳಿದ್ದೆ. ವಕೀಲ ಗೋಡೆ ತಟ್ಟಿ, “ಸಾಲಿಡ್” ಎಂದ. ಯಜಮಾನರು ಸೂರು ನೋಡುತ್ತಿದ್ದರು. ಎಲ್ಲ ಸುಸೂತ್ರ. ಆದರೆ ಆ ಹುಡುಗಿ ಒಲೆಯ ಮುಂದೆ ನಿಂತು, ಇದನ್ನು ಹೊತ್ತಿಸುವುದು ಹೇಗೋ ಎಂಬಂತೆ ಪಿಳಿಪಿಳಿ ನೋಡಿದಳು.

ನಾನು ಗಡಿಗೆಗಳ ಪಕ್ಕಕ್ಕೆ ಹೋಗಿ ಎರಡು ಸಲ ಜೋರಾಗಿ ಕೆಮ್ಮಿದೆ.

ಕೈ ಬಂತು, ಕೈಯಲ್ಲಿ ಬಸ್ಸಾರಿನ ಬಟ್ಟಲು. ಹುಡುಗಿ “ಓ ಮೈ ಗಾಡ್!” ಎಂದು ಚೀರಿದಳು. ಆ ಚೀರಿನ ನಡುವೆ ನನಗೆ ಫಕ್ಕನೆ ಪುಟ್ಟಮ್ಮನ ಕೆಮ್ಮು ನೆನಪಾಯಿತು. ಆ ದಿನ ಅವಳ ಎದೆಗೆ ಏನೂ ಆಗಿರಲಿಲ್ಲ! ಅವಳ ಕಳ್ಳತನವನ್ನು ನಾನು ಹಿಡಿದೆ ಎಂದು ಇಷ್ಟು ವರ್ಷ ಮಕ್ಕಳು ಮೊಮ್ಮಕ್ಕಳಿಗೆಲ್ಲ ಜಂಬದಿಂದ ಹೇಳಿಕೊಂಡು ಬಂದಿದ್ದೆನಲ್ಲ.

ಯಜಮಾನರು ಹತ್ತಿರ ಬಂದು, “ಕಷಾಯ ಮಾಡಿಸಲೇ?” ಎಂದರು. ಬೇಡವೆಂದೆ. ಮನೆ ಕೊಳ್ಳಲು ಬಂದವಳು ಆಗಲೇ ಚೀರುವುದು ಬಿಟ್ಟು ಬಸ್ಸಾರಿನ ಉಪ್ಪು ನೋಡುತ್ತಿದ್ದಳು.